ಎಳ್ಳಮಾವಾಸ್ಯೆ, ಕೊಳೆತ ಕಾಯಿ ಮತ್ತು ಎರಡು ಡಿಸ್ಕು

2009ರ ಕಬ್ಬಿನ ಹಂಗಾಮಿನಲ್ಲಿ ನಾನು ಜಮಖಂಡಿಯ ಒಂದು ಖಾಸಗಿ ಉದ್ಯಮ ಸಮೂಹದ ಮುಖ್ಯ ಕಚೇರಿಯಲ್ಲಿ ಸಿಸ್ಟಮ್ಸ್ ಅಧಿಕಾರಿಯಾಗಿದ್ದೆ. ಸಮೂಹಕ್ಕೆ ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆ, ಬೀಳಗಿಯಲ್ಲಿ ಬೀಜ ಗೊಬ್ಬರದ ಗೋದಾಮು, ರಬಕವಿ-ಬನಹಟ್ಟಿಯಲ್ಲಿ ನೇಕಾರರಿಗೆ ನೂಲು ಕೊಡುವ ಡಿಪೋ ಇದ್ದವು. ಇವೆಲ್ಲದರ ಲೆಕ್ಕವನ್ನು ಜಮಖಂಡಿಯ ಒಂದು ಕೋಣೆಯಲ್ಲಿದ್ದ ಒಂದೇ ಮೇನ್‌ಫ್ರೇಮ್ ನೋಡಿಕೊಳ್ಳುತ್ತಿತ್ತು. ಜಮಖಂಡಿಯಲ್ಲಿ ಮೇನ್‌ಫ್ರೇಮ್ ಇತ್ತು ಎಂದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ದೊಡ್ಡ ಬ್ಯಾಂಕೊಂದು ಬಳಸಿ ಬಿಟ್ಟ ಯಂತ್ರವನ್ನು ನಮ್ಮ ಮಾಲೀಕರು ಕಡಿಮೆ ಬೆಲೆಗೆ ತರಿಸಿದ್ದರು. ಅದಕ್ಕೂ ಮೊದಲು ಪುಣೆಯಲ್ಲಿ ಹನ್ನೊಂದು ವರ್ಷ ಅಂಥ ಯಂತ್ರಗಳ ಜೊತೆಗೇ ಕೆಲಸ ಮಾಡಿದ್ದ ನಾನು, ಗಂಡನಿಗೆ ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಊರಿಗೆ ಬಂದಿದ್ದೆ. ಯಂತ್ರವೂ ನಾನೂ ಒಂದೇ ವರ್ಷ ಜಮಖಂಡಿಗೆ ಬಂದೆವು.

ಮುಂದಿನ ಕಥೆ ಅರ್ಥವಾಗಬೇಕಾದರೆ ಸ್ವಲ್ಪ ತಾಂತ್ರಿಕ ವಿವರ ಬೇಕು. ಒಂದು ದೊಡ್ಡ ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದಲೇ ಹಲವು ಕಂಪ್ಯೂಟರ್‌ಗಳನ್ನು ಮಾಡಬಹುದು. ಇವಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಜಮಖಂಡಿಗೆ ಒಂದು, ಮುಧೋಳಕ್ಕೆ ಒಂದು, ಬೀಳಗಿಗೆ ಒಂದು, ಬನಹಟ್ಟಿಗೆ ಒಂದು ಎಂದು ನಾಲ್ಕು ಮಾಡಿದ್ದೆವು. ನಾಲ್ಕಕ್ಕೂ ಮಾಹಿತಿ ಇಡಲು ಜಾಗ ಬೇಕಲ್ಲ, ಅದಕ್ಕೆ ಡಿಸ್ಕುಗಳನ್ನು ಒಟ್ಟುಗೂಡಿಸಿ ಪೂಲ್ ಎಂಬ ಗುಂಪು ಮಾಡುತ್ತಾರೆ. ಯಾವ ಮಷೀನಿಗೆ ಎಷ್ಟು ಬೇಕೋ ಅಷ್ಟನ್ನು ಪೂಲಿನಿಂದ ಕತ್ತರಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಹೊರಗಿನಿಂದ ನೋಡಿದವರಿಗೆ ಇದರಲ್ಲಿ ನೋಡುವಂಥದ್ದೇನೂ ಇಲ್ಲ. ಪರದೆಯ ಮೇಲೆ ಹಸಿರು ಅಕ್ಷರ, ಅಷ್ಟೇ.

ಆ ವರ್ಷ ತುಬಚಿ ಕಡೆಯ ಹೊಸ ನೀರಾವರಿ ಜಮೀನಿನವರೂ ನಮ್ಮ ಕಾರ್ಖಾನೆಗೆ ಕಬ್ಬು ಕೊಡಲು ಹೆಸರು ಬರೆಸಿದ್ದರು. ಮುಧೋಳದ ಮಷೀನಿನಲ್ಲಿ ಜಾಗ ಸಾಲದಾಯಿತು. ಪೂಲಿಗೆ ಎರಡು ಹೊಸ ಡಿಸ್ಕು ಸೇರಿಸಬೇಕಿತ್ತು. ನಾನು ಮಾಡಬಲ್ಲೆ, ಪುಣೆಯಲ್ಲಿ ಇದನ್ನೇ ಮಾಡುತ್ತಿದ್ದೆ. ಆದರೆ ಯಂತ್ರ ಮಾರಿದ ಕಂಪನಿಯ ಕರಾರಿನ ಪ್ರಕಾರ ವಾರಂಟಿ ಮುಗಿಯುವವರೆಗೆ ಮುಖ್ಯ ಕಾನ್ಫಿಗರೇಶನ್ ಫೈಲನ್ನು ಅವರ ಎಂಜಿನಿಯರ್ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದರ ಪಾಸ್‌ವರ್ಡ್ ಕೂಡ ಬೆಂಗಳೂರಿನಲ್ಲಿತ್ತು. ಮನೆ ನಮ್ಮದು, ಕೀಲಿ ಕೈ ಅವರದು.

ಎಳ್ಳಮಾವಾಸ್ಯೆಗೆ ತಿಂಗಳ ಮುಂಚಿನ ಛಟ್ಟಿ ಅಮಾವಾಸ್ಯೆ ಮುಗಿದ ವಾರದಲ್ಲಿ ಶ್ರೀನಿಧಿ ಎಂಬ ಎಂಜಿನಿಯರ್ ಬಂದ. ಚುರುಕು ಹುಡುಗ, ಆದರೆ ಬಂದ ಗಳಿಗೆಯಿಂದ ವಾಪಸು ಹೋಗುವ ಬಸ್ಸಿನದೇ ಚಿಂತೆ. ಯಂತ್ರ ನಡೆಯುತ್ತಿರುವಾಗಲೇ ಎರಡು ಕಮಾಂಡ್ ಒತ್ತಿ ಹೊಸ ಡಿಸ್ಕುಗಳನ್ನು ಸಿಸ್ಟಮ್ಮಿಗೆ ಜೋಡಿಸಿದ. ಮುಧೋಳಕ್ಕೆ ಕೂಡಲೇ ಜಾಗ ಸಿಕ್ಕಿತು. ಜನರಲ್ ಮ್ಯಾನೇಜರ್ ಪಾಟೀಲರು ಅವನ ಬೆನ್ನು ತಟ್ಟಿ ಚಹಾ ತರಿಸಿದರು. ನಾನು ಮಾತ್ರ ಕೇಳಿದೆ, "ಕಾನ್ಫಿಗರೇಶನ್ ಫೈಲಿನಲ್ಲೂ ಬರೆದಿರಾ?"

"ಎಲ್ಲಾ ಆಗಿದೆ ಮೇಡಂ," ಎಂದ.

ನನ್ನ ಪ್ರಶ್ನೆಗೆ ಕಾರಣವಿತ್ತು. ನಡೆಯುತ್ತಿರುವ ಯಂತ್ರಕ್ಕೆ ಕಮಾಂಡ್ ಕೊಟ್ಟು ಜೋಡಿಸಿದ ಡಿಸ್ಕು ಯಂತ್ರ ನಿಲ್ಲುವವರೆಗೆ ಮಾತ್ರ ಅದರ ನೆನಪಿನಲ್ಲಿರುತ್ತದೆ. ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಅದು ಆ ಫೈಲನ್ನು ಓದಿ, ಅಲ್ಲಿ ಹೆಸರಿರುವ ಡಿಸ್ಕುಗಳನ್ನಷ್ಟೇ ಕರೆದುಕೊಳ್ಳುತ್ತದೆ. ಶಾಲೆಗೆ ಹೊಸದಾಗಿ ಬಂದ ಮಗುವನ್ನು ಮಾಸ್ತರರು ತರಗತಿಯಲ್ಲಿ ಕೂರಿಸಿಕೊಂಡರು, ಹಾಜರಿಯಲ್ಲಿ ಹೆಸರು ಬರೆಯಲಿಲ್ಲ ಎಂದಿಟ್ಟುಕೊಳ್ಳಿ. ಮರುದಿನ ಹೆಸರು ಕೂಗುವಾಗ ಆ ಮಗು ಇಲ್ಲವೇ ಇಲ್ಲ.

ಬೇರೆ ಊರಿನ ಯಂತ್ರವಾಗಿದ್ದರೆ ಈ ತಪ್ಪು ವರ್ಷಗಟ್ಟಲೆ ಹೊರಗೆ ಬರುತ್ತಿರಲಿಲ್ಲ. ಮೇನ್‌ಫ್ರೇಮ್‌ಗಳನ್ನು ಯಾರೂ ಸುಮ್ಮನೆ ನಿಲ್ಲಿಸುವುದಿಲ್ಲ. ಆದರೆ ನಮ್ಮ ಭಾಗದಲ್ಲಿ ಅಮಾವಾಸ್ಯೆ ಬಂದರೆ ಮಗ್ಗ ನಿಲ್ಲುತ್ತದೆ, ಟ್ರ್ಯಾಕ್ಟರ್ ತೊಳೆಯುತ್ತಾರೆ, ಲಾರಿಗೆ ಲಿಂಬೆಹಣ್ಣು ಕಟ್ಟುತ್ತಾರೆ. ನಮ್ಮ ವಿದ್ಯುತ್ ವಿಭಾಗದ ಮೇಲ್ವಿಚಾರಕ ಬೀರಪ್ಪನವರ ಲೆಕ್ಕದಲ್ಲಿ ಮೇನ್‌ಫ್ರೇಮ್ ಕೂಡ ಒಂದು ಮಷೀನು. ನಾನು ಬಂದ ಮೊದಲ ತಿಂಗಳೇ ಅವರು ಬಾಗಿಲಲ್ಲಿ ನಿಂತು ಹೇಳಿದ್ದರು, "ಅಕ್ಕಾರ, ಉಳದ ಮಷೀನಿಗೆಲ್ಲಾ ಮಾಡಿ ಇದೊಂದನ್ನ ಬಿಟ್ರ ಹೆಂಗ್ರಿ? ಅದಕ್ಕೂ ಒಂದ್ ತಾಸು ಸೂಟಿ ಕೊಡೋಣ್ರಿ."

ನಾನು ಮೊದಲು ಸಿಡಿಮಿಡಿಗೊಂಡೆ. ಆಮೇಲೆ ಯೋಚಿಸಿದರೆ ಜನರೇಟರ್, ಯುಪಿಎಸ್, ಎ.ಸಿ. ಫಿಲ್ಟರ್ ನೋಡಲು ಹೇಗೂ ತಿಂಗಳಿಗೊಮ್ಮೆ ಬಿಡುವು ಬೇಕಿತ್ತು. ಒಪ್ಪಂದಕ್ಕೆ ಬಂದೆವು. ಊದಿನಕಡ್ಡಿ ಹೊರಗೆ, ಕಾಯಿ ಹೊಸ್ತಿಲ ಆಚೆ, ಒಳಗೆ ಕ್ಯಾಬಿನೆಟ್ಟಿನ ಬಾಗಿಲಿಗೆ ಬೆರಳಿನಷ್ಟು ಭಂಡಾರ. ಬೀರಪ್ಪನವರು ಬೀರೇಶ್ವರನ ಒಕ್ಕಲು, ಅರಿಶಿನದ ಭಂಡಾರವಿಲ್ಲದೆ ಅವರ ಯಾವ ಪೂಜೆಯೂ ಆಗುತ್ತಿರಲಿಲ್ಲ. ನಾನು ಕ್ರಮಪ್ರಕಾರ ನಾಲ್ಕು ವರ್ಚುವಲ್ ಮಷೀನ್ ಇಳಿಸಿ, ಸಿಸ್ಟಮ್ ನಿಲ್ಲಿಸಿ, "ಆತು ನೋಡ್ರಿ" ಎಂದ ಮೇಲೆಯೇ ಅವರು ವಿದ್ಯುತ್ ತೆಗೆಯುತ್ತಿದ್ದರು. ಹೀಗೆ ಎಷ್ಟೋ ಅಮಾವಾಸ್ಯೆಗಳು ಏನೂ ತೊಂದರೆಯಿಲ್ಲದೆ ಕಳೆದಿದ್ದವು.

ಹೊಸ ಡಿಸ್ಕು ಸೇರಿದ ಮೇಲೆ ಬಂದ ಮೊದಲ ಅಮಾವಾಸ್ಯೆ ಎಳ್ಳಮಾವಾಸ್ಯೆ. ಊರೆಲ್ಲ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಎರಚಲು, ಹೊಲಕ್ಕೆ ಹೋಗುವ ದಿನ. ನಾವೂ ಬೆಳಿಗ್ಗೆಯೇ ಕೆಲಸ ಮುಗಿಸಿ ಹೊರಡೋಣ ಎಂದುಕೊಂಡಿದ್ದೆವು. ನಾನು ಯಂತ್ರ ನಿಲ್ಲಿಸಿದೆ. ಬೀರಪ್ಪನವರು ಹೊಸ್ತಿಲ ಆಚೆ ಕಾಯಿ ಒಡೆದು ಹಾಗೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು.

"ಅಕ್ಕಾರ, ಕಾಯಿ ಕೊಳತೈತ್ರಿ."

"ಕೊಳತ್ರ ಕೊಳೀಲಿ ಬಿಡ್ರಿ. ಸ್ವಿಚ್ ಹಾಕ್ರಿ," ಎಂದೆ. ಹೊಲಕ್ಕೆ ಹೋಗುವ ಅವಸರ ನನಗೂ ಇತ್ತು.

ಯಂತ್ರ ಚಾಲೂ ಆಯಿತು. ಜಮಖಂಡಿ ಎದ್ದಿತು. ಬೀಳಗಿ, ಬನಹಟ್ಟಿ ಎದ್ದವು. ಮುಧೋಳ ಏಳಲಿಲ್ಲ. ನಾನು ಸಿಸ್ಟಮ್ಮಿಗೆ ಜೋಡಣೆಯಾದ ಡಿಸ್ಕುಗಳ ಹೆಸರು ಕೇಳಿ ನೋಡಿದೆ. ಹೊಸ ಎರಡು ಅಲ್ಲಿ ಇರಲಿಲ್ಲ. ಯಂತ್ರಕ್ಕೆ ಅವು ಕಾಣುತ್ತಿದ್ದವು, ಅವುಗಳ ಹೆಸರೂ ಓದಲು ಬರುತ್ತಿತ್ತು. ಆರೋಗ್ಯವಾಗಿಯೇ ಇದ್ದವು, ಅವನ್ನು ಯಾರೂ ಕರೆದಿರಲಿಲ್ಲ ಅಷ್ಟೇ. "ಎಲ್ಲಾ ಆಗಿದೆ ಮೇಡಂ" ಎಂದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು.

ನಾನೇ ಎರಡು ಕಮಾಂಡ್ ಕೊಟ್ಟರೆ ಮುಧೋಳ ಎದ್ದುಬಿಡುತ್ತಿತ್ತು. ಆದರೆ ನಿಯಮದಂತೆ ಮೊದಲು ಕಂಪನಿಗೆ ಫೋನ್ ಮಾಡಬೇಕು. ಮಾಡಿದೆ. ಅತ್ತ ಶ್ರೀನಿಧಿಯೇ ಇದ್ದ.

"ಮೇಡಂ, ದಯವಿಟ್ಟು ಏನೂ ಮುಟ್ಟಬೇಡಿ. ಪವರ್ ತೆಗೆದಿದ್ದರಿಂದ ಡಿಸ್ಕ್ ಹಾಳಾಗಿರಬಹುದು. ಮುಟ್ಟಿದರೆ ವಾರಂಟಿ ಹೋಗುತ್ತೆ."

"ಡಿಸ್ಕ್ ಚೆನ್ನಾಗಿದೆ. ನೀವು ಫೈಲಿನಲ್ಲಿ ಬರೆದಿಲ್ಲ, ಒಮ್ಮೆ ತೆಗೆದು ನೋಡಿ."

"ಬರೆದಿದೀನಿ ಮೇಡಂ. ನಿಮ್ಮ ಮೇಲಿನವರಿಂದ ಲಿಖಿತ ಒಪ್ಪಿಗೆ ಇಲ್ಲದೆ ಏನೂ ಮಾಡಬೇಡಿ."

ಮೇಲಿನವರು ಎಂದರೆ ಪಾಟೀಲರು. ಪಾಟೀಲರು ಹೊಲದಲ್ಲಿದ್ದರು, ಅವರ ಹೊಲದಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಅತ್ತ ಮುಧೋಳದಲ್ಲಿ ಹಿಂದಿನ ದಿನವೇ ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರ್‌ಗಳು ಗೇಟಿನಿಂದ ಡಾಂಬರು ರಸ್ತೆಯವರೆಗೆ ನಿಂತಿದ್ದವು. ಕಂಪ್ಯೂಟರ್ ಪರವಾನಿಗೆ ಕೊಡದೆ ಗಾಡಿ ತೂಕದ ಕಾಟಾ ಹತ್ತುವಂತಿರಲಿಲ್ಲ. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ರೈತನದೇ. ಅಲ್ಲಿಯ ಕಬ್ಬಿನ ಅಧಿಕಾರಿ ಮೇಲಿಂದ ಮೇಲೆ ಫೋನ್ ಮಾಡಿ, "ಮೇಡಂ, ಮಂದಿ ಕೈ ಮಾಡೂ ಹಂಗ ಆಗೇತ್ರಿ" ಎನ್ನುತ್ತಿದ್ದ. ಕೈಯಲ್ಲಿ ಔಷಧವಿಟ್ಟುಕೊಂಡು ರೋಗಿಯ ನರಳಾಟ ಕೇಳುತ್ತ ಕೂತ ಹಾಗಿತ್ತು ನನ್ನ ಪಾಡು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಾಟೀಲರು ಊಟ ಮುಗಿಸಿ ರಸ್ತೆಗೆ ಬಂದು ಸಿಗ್ನಲ್ಲಿಗೆ ಸಿಕ್ಕರು. ಅವರ ಒಪ್ಪಿಗೆ ಎಸ್ಸೆಮ್ಮೆಸ್ಸಿನಲ್ಲಿ ಬಂತು, ಎರಡು ಕಮಾಂಡ್ ಕೊಟ್ಟೆ, ಮುಧೋಳ ಎದ್ದಿತು. ಒಂದಕ್ಷರ ಮಾಹಿತಿಯೂ ಹೋಗಿರಲಿಲ್ಲ. ಫೈಲು ಮಾತ್ರ ಇದ್ದ ಹಾಗೇ ಉಳಿಯಿತು, ಅದರ ಪಾಸ್‌ವರ್ಡ್ ನನ್ನ ಬಳಿ ಇರಲಿಲ್ಲವಲ್ಲ.

ಇಷ್ಟಾದ ಮೇಲೆ ಯಾರ ತಪ್ಪು ಎನ್ನುವುದು ಹಗಲಿನಷ್ಟು ಸ್ಪಷ್ಟ ಎಂದುಕೊಂಡೆ. ಅದೇ ನನ್ನ ಮೂರ್ಖತನ. ರೈತರು ಮಾಲೀಕರ ಮನೆಗೇ ಹೋಗಿ ಕೂಗಾಡಿದ್ದರಿಂದ ಯಾರಾದರೂ ಒಬ್ಬರ ತಲೆ ಉರುಳಲೇಬೇಕಿತ್ತು. ಮೂರನೆಯ ದಿನ ಕಂಪನಿಯಿಂದ ವರದಿ ಬಂತು, ಅದರಲ್ಲಿ ಎರಡು ಕಾರಣ: ಅಸಮರ್ಪಕವಾಗಿ ವಿದ್ಯುತ್ ಕಡಿತಗೊಳಿಸಿದ್ದು ಮತ್ತು ಕ್ಯಾಬಿನೆಟ್ಟಿನ ಮೇಲೆ ಹಳದಿ ಬಣ್ಣದ ಪುಡಿ ಕಂಡುಬಂದದ್ದು. ಪುಡಿಯ ಫೋಟೋ ಕೂಡ ಲಗತ್ತಿಸಿದ್ದರು. ಅದನ್ನು ಶ್ರೀನಿಧಿ ಹಿಂದಿನ ಸಲ ಬಂದಾಗಲೇ ತೆಗೆದುಕೊಂಡಿದ್ದ.

ನಾನು ಪಾಟೀಲರ ಕೋಣೆಗೆ ಹೋಗಿ ಹಾಜರಿಯ ಉದಾಹರಣೆಯನ್ನೇ ಕೊಟ್ಟು ಎಲ್ಲ ವಿವರಿಸಿದೆ. ಅವರು ಕೆಟ್ಟವರಲ್ಲ, ತಾಳ್ಮೆಯಿಂದ ಕೇಳಿದರು. ಕೇಳಿ ಹೇಳಿದರು, "ಫೈಲಿನ್ಯಾಗ ಇಲ್ಲಂದ್ರ ಇಷ್ಟ್ ದಿನ ಹೆಂಗ ನಡೀತ್ರಿ ಮೇಡಂ?"

"ನಿಲ್ಲಿಸಿರಲಿಲ್ಲ, ಅದಕ್ಕ ನಡೀತ್ರಿ."

"ಅದನ್ನ ನಾನೂ ಹೇಳಾಕತ್ತೇನಿ. ನಿಲ್ಲಿಸಿದ್ದಕ್ಕ ಕೆಟ್ಟತಿ."

ನಾನು ಸುತ್ತುಬಳಸಿ ಅದನ್ನೇ ಮತ್ತೆ ಹೇಳಿದೆ, ಅವರು ಅದನ್ನೇ ಮತ್ತೆ ಹೇಳಿದರು. ಯಂತ್ರ ನಿಲ್ಲಿಸಿದ್ದು ನಾನು, ಕ್ರಮಪ್ರಕಾರ ನಿಲ್ಲಿಸಿದ್ದೇನೆ, ತಪ್ಪಿದ್ದರೆ ನೋಟಿಸು ನನಗೆ ಕೊಡಿ ಎಂದೆ. "ನಿಮ್ಮನ್ನ ಮನಿಗೆ ಕಳಿಸಿದ್ರ ಮಷೀನ್ ಯಾರ್ ನೋಡ್ತಾರ್ರಿ?" ಎಂದು ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನೋಟಿಸು ಬೀರಪ್ಪನವರಿಗೆ ಹೋಯಿತು.

ನನ್ನ ಆಸೆಯೆಲ್ಲ ಆ ನೋಟಿಸಿನ ಉತ್ತರದ ಮೇಲಿತ್ತು. ಮೂವತ್ತು ವರ್ಷ ಸರ್ವಿಸಿನ ಮನುಷ್ಯ, ಒಂದು ಫ್ಯೂಸೂ ಅವರ ಕೈಯಲ್ಲಿ ತಪ್ಪಾಗಿ ಸುಟ್ಟಿರಲಿಲ್ಲ. "ಅಕ್ಕಾರು ಹೇಳಿದ ಮೇಲೆಯೇ ಪವರ್ ತೆಗೆದೆ" ಎಂದು ಒಂದು ಸಾಲು ಬರೆದರೆ ಸಾಕು, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದು ಅವರಿಗೆ ಹೇಳಿಯೂ ಇದ್ದೆ. ಅವರು ಸುಮ್ಮನೆ ತಲೆಯಾಡಿಸಿದ್ದರು. ಮರುದಿನ ಪಾಟೀಲರು ನನ್ನನ್ನು ಕರೆಸಿ ಉತ್ತರ ಓದಿ ತೋರಿಸಿದರು. ಪೂಜೆಯ ಕಾಯಿ ಕೊಳೆತದ್ದು ಕಂಡರೂ ಬೇರೆ ಕಾಯಿ ತಂದು ಒಡೆಯದೆ ಮಷೀನು ಚಾಲೂ ಮಾಡಿದ್ದು ತನ್ನ ತಪ್ಪು, ಅದರಿಂದಲೇ ಈ ವಿಘ್ನವಾಯಿತು, ಕ್ಷಮಿಸಬೇಕು ಎಂದಿತ್ತು.

"ತಪ್ಪು ಒಪ್ಪಿಕೊಂಡಾನಲ್ರಿ," ಎಂದರು ಪಾಟೀಲರು.

ನನಗೆ ನೆಲಕ್ಕೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು. ನೇರ ಜನರೇಟರ್ ಕೋಣೆಗೆ ಹೋಗಿ ಬೀರಪ್ಪನವರನ್ನು ತರಾಟೆಗೆ ತೆಗೆದುಕೊಂಡೆ. ಯಾವ ಕಾಯಿಗೂ ಈ ಡಿಸ್ಕಿಗೂ ಸಂಬಂಧವಿಲ್ಲ, ಇದು ಬೆಂಗಳೂರಿನವನ ಅಲಕ್ಷ್ಯ, ನೀವು ಯಾಕೆ ಹೀಗೆ ಬರೆದಿರಿ ಎಂದು ಕೂಗಿದೆ. ಅವರು ನನ್ನ ಸಿಟ್ಟು ಇಳಿಯುವವರೆಗೆ ಕಾದರು.

"ನಿಮಗ ಗೊತ್ತಿದ್ದದ್ದು ನೀವು ಹೇಳಾಕತ್ತೀರಿ ಅಕ್ಕಾರ. ನನಗ ಕಂಡದ್ದು ನಾ ಬರದೇನ್ರಿ. ಸುಳ್ಳ ಹೆಂಗ ಬರೀಲಿ?"

ಅಮಾನತಿನ ಆದೇಶ ಅದೇ ಸಂಜೆ ಬಂತು. ಯಂತ್ರದ ಕೋಣೆಯ ಬಾಗಿಲಿಗೆ ಕೆಂಪು ಅಕ್ಷರದ ಒಂದು ಹಲಗೆಯೂ ಬಂತು: ಯಾವುದೇ ಕಾರಣಕ್ಕೂ ಯಂತ್ರ ನಿಲ್ಲಿಸಬಾರದು, ಪೂಜೆ ನಿಷೇಧಿಸಲಾಗಿದೆ. ಕಂಪನಿಗೆ ನಾನು ಮೇಲಿಂದ ಮೇಲೆ ಮೇಲ್ ಕಳಿಸಿದೆ. ಪ್ರತಿಸಲವೂ ಒಂದೇ ಉತ್ತರ, ಸಮಸ್ಯೆ ಪರಿಹಾರವಾಗಿದೆ, ದೂರು ಮುಚ್ಚಲಾಗಿದೆ. ನನ್ನ ಮಾತು ನಿಜವೆಂದು ತೋರಿಸಲು ಇದ್ದದ್ದು ಒಂದೇ ದಾರಿ, ಯಂತ್ರವನ್ನು ಇನ್ನೊಮ್ಮೆ ನಿಲ್ಲಿಸುವುದು. ಅದನ್ನೇ ನಿಷೇಧಿಸಿದ್ದರು. ದಿನಾ ಬೆಳಿಗ್ಗೆ ಆ ಹಲಗೆಯ ಕೆಳಗೆ ಹಾಯ್ದು ಒಳಗೆ ಹೋಗುವಾಗ ಮೈಯುರಿಯುತ್ತಿತ್ತು. ಒಳಗೆ ಮುಧೋಳದ ಮಷೀನು ಚೆನ್ನಾಗಿ ನಡೆಯುತ್ತಿತ್ತು. ಅದು ಚೆನ್ನಾಗಿ ನಡೆದಷ್ಟೂ ಬೀರಪ್ಪನವರ ಅಪರಾಧ ಗಟ್ಟಿಯಾಗುತ್ತಿತ್ತು. ಮುಂದಿನ ಅಮಾವಾಸ್ಯೆ ಯಂತ್ರ ನಿಲ್ಲದೆಯೇ ಹೋಯಿತು. "ನೋಡ್ರಿ, ಈ ಸಲ ಏನೂ ಆಗಲಿಲ್ಲ," ಎಂದರು ಪಾಟೀಲರು.

ಕೊನೆಗೆ ದಾರಿ ತೆರೆದದ್ದು ಕಂಪನಿಯೇ. ಶಿವರಾತ್ರಿಗೆ ಒಂದು ವಾರ ಮುಂಚೆ ಡಿಸ್ಕ್ ಕ್ಯಾಬಿನೆಟ್ಟಿನ ಬ್ಯಾಟರಿ ಬದಲಿಸಬೇಕು, ಯಂತ್ರ ಸ್ವಲ್ಪ ಹೊತ್ತು ನಿಲ್ಲಿಸಬೇಕು ಎಂದು ಅವರೇ ತಿಳಿಸಿದರು. ಅವರು ನಿಲ್ಲಿಸಬಹುದು, ಹಲಗೆ ಅವರಿಗಲ್ಲವಲ್ಲ. ಫೈಲನ್ನು ಒಮ್ಮೆ ನೋಡಿಕೊಂಡು ನಿಲ್ಲಿಸಿ ಎಂದು ನಾನು ಹಿಂದಿನ ದಿನವೇ ಬರೆದು ತಿಳಿಸಿದೆ. ಉತ್ತರ ಬರಲಿಲ್ಲ. ಹೀಗಾಗಿ ಮುಧೋಳಕ್ಕೆ ಫೋನ್ ಮಾಡಿ ಎರಡು ದಿನದ ಪರವಾನಿಗೆಗಳನ್ನು ಮುಂಚೆಯೇ ಮುದ್ರಿಸಿ ಇಟ್ಟುಕೊಳ್ಳಲು ಹೇಳಿದೆ. ರೈತರು ಮತ್ತೆ ಬಿಸಿಲಲ್ಲಿ ನಿಲ್ಲುವುದು ನನಗೆ ಬೇಕಿರಲಿಲ್ಲ. ಪಾಟೀಲರನ್ನು ಕರೆದು ಯಂತ್ರದ ಕೋಣೆಯಲ್ಲಿ ಕುರ್ಚಿ ಹಾಕಿಸಿ ಕೂರಿಸಿದೆ.

"ಏನ್ ನೋಡಬೇಕ್ರಿ ಮೇಡಂ?"

"ಏನಿಲ್ರಿ. ಮೂರು ಏಳತಾವ, ಮುಧೋಳ ಏಳಂಗಿಲ್ಲ. ಅಷ್ಟು ನೋಡ್ರಿ."

ಶ್ರೀನಿಧಿ ನನ್ನ ಕಡೆ ನೋಡದೆ ಕೆಲಸ ಶುರು ಮಾಡಿದ. ಅವನ ಕೈಪಿಡಿಯಲ್ಲಿರುವ ಹಾಗೆಯೇ ಎಲ್ಲವನ್ನೂ ಇಳಿಸಿದ, ಬ್ಯಾಟರಿ ಬದಲಿಸಿದ, ಚಾಲೂ ಮಾಡಿದ. ಕಾಯಿ ಇಲ್ಲ, ಭಂಡಾರವಿಲ್ಲ. ಬೀರಪ್ಪನವರು ತಮ್ಮ ಮನೆಯಲ್ಲಿದ್ದರು. ಜಮಖಂಡಿ ಎದ್ದಿತು, ಬೀಳಗಿ ಎದ್ದಿತು, ಬನಹಟ್ಟಿ ಎದ್ದಿತು. ಪರದೆ ಅಲ್ಲಿಗೇ ನಿಂತಿತು.

ಹುಡುಗನಿಗೆ ತಕ್ಷಣ ತಿಳಿಯಿತು. ಆ ಎರಡು ಕಮಾಂಡ್ ಒತ್ತಲು ಬೆರಳು ಮುಂದೆ ಮಾಡಿದ. ನಾನು ಕೀಬೋರ್ಡಿನ ಮೇಲೆ ಅಂಗೈ ಇಟ್ಟೆ.

"ಮೊದಲು ಇವರಿಗೆ ಹೇಳಿ. ಆಮೇಲೆ ಒತ್ತಿ."

ಅವನ ಕಿವಿಗಳು ಕೆಂಪಾಗಿದ್ದವು. "ಸರ್, ಫೈಲಿನಲ್ಲಿ ಎರಡು ಹೆಸರು ಬಿಟ್ಟು ಹೋಗಿತ್ತು. ನಾನು ಸೇರಿಸಬೇಕಿತ್ತು."

"ಎರಡ ಹೆಸರು ಅಷ್ಟನ?" ಎಂದರು ಪಾಟೀಲರು. ಎದ್ದು ಹೊರಗೆ ಹೋದರು.

ಶ್ರೀನಿಧಿ ಫೈಲಿನಲ್ಲಿ ಹೆಸರು ಬರೆದ. ಈ ಸಲ ನಾನು ಅವನ ಹಿಂದೆಯೇ ನಿಂತು ಓದಿದೆ, ಇನ್ನೊಮ್ಮೆ ನಿಲ್ಲಿಸಿ ಚಾಲೂ ಮಾಡಿಸಿದೆ. ನಾಲ್ಕೂ ಎದ್ದವು.

ಇಲ್ಲಿಗೆ ನ್ಯಾಯ ಸಿಕ್ಕಿತು ಎಂದು ಬರೆಯುವ ಆಸೆ ನನಗೂ ಇದೆ. ಕಂಪನಿಯ ವರದಿಯಲ್ಲಿ, ಬ್ಯಾಟರಿ ಬದಲಾವಣೆಯ ಜೊತೆಗೆ ಕಾನ್ಫಿಗರೇಶನ್ನಿನಲ್ಲಿ ಸುಧಾರಣೆ ಮಾಡಲಾಗಿದೆ ಎಂದಿತ್ತು. ಹೌದು, ಸುಧಾರಣೆ. ನಮ್ಮ ಆಡಳಿತದವರು ಹೊರಡಿಸಿದ ಆದೇಶದಲ್ಲಿ, ಸದರಿ ನೌಕರರ ದೀರ್ಘ ಸೇವೆಯನ್ನು ಪರಿಗಣಿಸಿ, ಮಾನವೀಯ ನೆಲೆಯಲ್ಲಿ, ಎಚ್ಚರಿಕೆ ನೀಡಿ ಅಮಾನತು ಹಿಂಪಡೆಯಲಾಗಿದೆ ಎಂದಿತ್ತು. ನಾನು ಆ ಹಾಳೆ ಹಿಡಿದುಕೊಂಡು ಪಾಟೀಲರ ಬಳಿ ಹೋದೆ. ಮಾನವೀಯತೆ ಯಾಕೆ ಬೇಕು, ಆತ ತಪ್ಪೇ ಮಾಡಿಲ್ಲ ಎಂದು ಬರೆಯಿರಿ ಎಂದೆ. "ಮರಳಿ ಕೆಲಸಕ್ಕ ಬರ್ತಾನಲ್ರಿ, ಇನ್ನೇನ್ ಬೇಕು? ಹಂಗ ಬರದ್ರ ಮಾಲೀಕರು ಹಿಂದಿನದೆಲ್ಲಾ ಕೆದಕ್ತಾರ," ಎಂದು ಕಡತ ಮುಚ್ಚಿದರು. ಆ ಎಚ್ಚರಿಕೆ ಬೀರಪ್ಪನವರ ಸೇವಾ ಪುಸ್ತಕದಲ್ಲಿ ಅವರು ನಿವೃತ್ತರಾಗುವವರೆಗೂ ಹಾಗೇ ಉಳಿಯಿತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ.

ಅವರು ಕೆಲಸಕ್ಕೆ ಮರಳಿದ ದಿನ ನಾನು ಜನರೇಟರ್ ಕೋಣೆಗೆ ಹೋಗಿ ಬ್ಯಾಟರಿಯ ದಿನ ನಡೆದದ್ದನ್ನು ಮೊದಲಿಂದ ಹೇಳಿದೆ. ಕಾಯಿ ಒಡೆಯದೆಯೂ ಮುಧೋಳ ಏಳಲಿಲ್ಲ, ಹೆಸರು ಬರೆದ ಮೇಲೆ ಎದ್ದಿತು ಎಂದೆ. ಆದೇಶದಲ್ಲಿ ಹೀಗೆ ಬರೆದಿದ್ದಾರೆ ಎಂದು ಗೊಣಗಿದೆ. ಆದೇಶದ ಕಡೆ ಅವರ ಗಮನವೇ ಇರಲಿಲ್ಲ.

"ಹಂಗಾರ ಅವತ್ತ ಕಾಯಿ ಕೊಳತದ್ದಕ್ಕ ಅಲ್ಲೇನ್ರಿ ಅದು?"

"ಅಲ್ಲರಿ ಬೀರಪ್ಪಾವ್ರ. ಖರೆ ಹೇಳ್ತೀನಿ, ಅದಕ್ಕ ಅಲ್ಲ."

ಕೈಯಲ್ಲಿದ್ದ ಎಣ್ಣೆ ಅರಿವೆಯನ್ನು ಜನರೇಟರಿನ ಮೇಲಿಟ್ಟರು. "ಒಂದೂವರಿ ತಿಂಗಳಾತ್ರಿ ಅಕ್ಕಾರ, ನಾ ಗುಡಿ ಕಟ್ಟಿ ಹತ್ತಿಲ್ಲ. ಅಪ್ಪ ಬೀರೇಶ್ವರ ನನ್ನ ಕೈಯ್ಯಾನ ಕಾಯಿ ಒಲ್ಲೆ ಅಂದಾನ, ಹ್ವಾದ್ರ ಯಾವ ಮಾರಿ ತೋರಿಸ್ಲಿ ಅಂತ ಹೊಳ್ಳಿ ಬರ್ತಿದ್ನಿ. ಮನ್ಯಾಗ ಯಾರಿಗೂ ಹೇಳಿಲ್ರಿ."

ನಾನು ಇಷ್ಟು ದಿನ ಅವರ ಕೆಲಸಕ್ಕಾಗಿ, ಅವರ ಸೇವಾ ಪುಸ್ತಕಕ್ಕಾಗಿ ಗುದ್ದಾಡಿದ್ದೆ. ಫೈಲಿನಲ್ಲಿ ಬಿಟ್ಟುಹೋದ ಎರಡು ಹೆಸರು ಈ ಮನುಷ್ಯನಿಂದ ಏನು ಕಿತ್ತುಕೊಂಡಿದ್ದವು ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಅವರು ಅರ್ಧ ದಿನದ ರಜೆ ಕೇಳಿದರು, ಕೊಟ್ಟೆ.

ಶಿವರಾತ್ರಿಯ ಮರುದಿನವೋ ಅದರ ಮರುದಿನವೋ ಅಮಾವಾಸ್ಯೆ. ಹಲಗೆ ಬಾಗಿಲಲ್ಲಿ ಹಾಗೇ ಇತ್ತು. ಬೀರಪ್ಪನವರು ಅದರ ಕೆಳಗೆ ಬುಟ್ಟಿ ಹಿಡಿದು ನಿಂತು ನನ್ನ ಮುಖ ನೋಡಿದರು. ನಾನು ನಾಲ್ಕು ಮಷೀನುಗಳನ್ನು ಒಂದೊಂದಾಗಿ ಇಳಿಸಿ, "ಆತು ನೋಡ್ರಿ" ಎಂದೆ. ಪಾಟೀಲರು ತಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ.

ಆಮೇಲೆ ನಾನು ಬೇರೆ ಊರುಗಳಲ್ಲಿ, ಇದಕ್ಕಿಂತ ದೊಡ್ಡ ಯಂತ್ರಗಳಲ್ಲಿ ಎಷ್ಟೋ ಪೂಲ್‌ಗಳನ್ನು ಕಟ್ಟಿದ್ದೇನೆ, ಬೇರೆಯವರು ಕಟ್ಟಿದ್ದನ್ನು ಒಪ್ಪಿಕೊಂಡಿದ್ದೇನೆ. ಎಲ್ಲ ನಡೀತಿದೆ ಮೇಡಂ, ಸಹಿ ಮಾಡಿ ಎನ್ನುತ್ತಾರೆ. ನಡೆಯುತ್ತಿರುವುದು ಯಾವುದಕ್ಕೂ ಸಾಕ್ಷಿಯಲ್ಲ ಎಂದು ಈ ಕೆಲಸ ನನಗೆ ಕಲಿಸಿದೆ. ಒಮ್ಮೆ ನಿಲ್ಲಿಸಿ, ಮತ್ತೆ ಎಬ್ಬಿಸಿ ತೋರಿಸಿ, ಆಮೇಲೆ ಸಹಿ ಎನ್ನುತ್ತೇನೆ. ಯಾಕೆ ಇಷ್ಟು ಹಟ ಎಂದು ಕೇಳಿದರೆ ಜಮಖಂಡಿಯಲ್ಲಿ ಒಬ್ಬರು ಒಂದೂವರೆ ತಿಂಗಳು ಗುಡಿಯ ಮೆಟ್ಟಿಲವರೆಗೆ ಹೋಗಿ ಹೊಳ್ಳಿ ಬರುತ್ತಿದ್ದರು ಎನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ, ಆದರೂ ನಿಲ್ಲಿಸುತ್ತಾರೆ.